ಪಂಜರದ ಬಳಿ ನಿಂತ ವೈದ್ಯರು

ಹೊಸ ಔಷಧಗಳ ಪರೀಕ್ಷೆಗೆ ಪ್ರಾಣಿಗಳ ಬದಲು ಜೀವಕೋಶ, ಕಂಪ್ಯೂಟರ್ ಆಧಾರಿತ ವಿಧಾನಗಳನ್ನೂ ಬಳಸಬಹುದೆಂದು 2023ರಲ್ಲಿ ನಮ್ಮ ನಿಯಮಗಳು ಬದಲಾದವು. ಅಂದಿನಿಂದ ಸಭೆ ಸಮಾರಂಭಗಳಲ್ಲಿ ಒಂದು ಮಾತು ಕೇಳಿಬರುತ್ತಿದೆ: ಪ್ರಯೋಗಾಲಯದ ಪ್ರಾಣಿಯ ಕಾಲ ಮುಗಿಯಿತು, ಅದರ ವೈದ್ಯನ ಕಾಲವೂ ಮುಗಿಯಿತು. ಬದಲಾವಣೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಇಂದು ಶಸ್ತ್ರಕ್ರಿಯೆಯಾದ ಇಲಿ ಇಂದೇ ನೋಯುತ್ತದೆ. ಆ ನೋವನ್ನು ಗುರುತಿಸಲು ಕಲಿತವರ ಪರಂಪರೆಯನ್ನು ತಿಳಿಯದೆ ಅದಕ್ಕೆ ಮುಕ್ತಾಯ ಹಾಡುವುದು ಸರಿಯಲ್ಲ.

ಆರಂಭದ ಅಧ್ಯಾಯಗಳನ್ನು ಬೇಗ ಹೇಳಿಬಿಡಬಹುದು. ಬ್ರಿಟನ್ನಿನ 1876ರ ಕಾಯಿದೆ ಪ್ರಯೋಗ ಮಾಡುವವರಿಗೆ ಪರವಾನಗಿ ಕಡ್ಡಾಯ ಮಾಡಿತು. 1915ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ಸೇರಿದ ಸೈಮನ್ ಬ್ರಿಮ್‌ಹಾಲ್ ಅವರನ್ನು ಪ್ರಯೋಗಾಲಯದ ಪ್ರಾಣಿಗಳ ವೈದ್ಯಕೀಯ ಶಾಖೆಯ ಮೊದಲ ಪಶುವೈದ್ಯರೆಂದು ಗುರುತಿಸುತ್ತಾರೆ. 1926ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಹ್ಯೂಮ್ ಕಟ್ಟಿದ ಸಂಸ್ಥೆ ಮುಂದೆ 'ಯೂಫಾ' ಎಂದು ಹೆಸರಾಗಿ, 1947ರಲ್ಲಿ ಪ್ರಯೋಗಾಲಯದ ಪ್ರಾಣಿಗಳ ಪಾಲನೆಗೆ ಕೈಪಿಡಿ ತಂದಿತು. ಅದೇ ಸಂಸ್ಥೆಯ ಒತ್ತಾಸೆಯಿಂದ ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ 1959ರ ತಮ್ಮ ಗ್ರಂಥದಲ್ಲಿ ಮೂರು ಸೂತ್ರ ಕೊಟ್ಟರು: ಪರ್ಯಾಯ ಹುಡುಕು, ಸಂಖ್ಯೆ ತಗ್ಗಿಸು, ವಿಧಾನವನ್ನು ಮೃದುಗೊಳಿಸು. ಇಬ್ಬರೂ ಪಶುವೈದ್ಯರಲ್ಲ. ಮೂರನೆಯ ಸೂತ್ರ ಬಹುಕಾಲ ಮೂಲೆಗೆ ಬಿದ್ದಿದ್ದಕ್ಕೆ ವೈದ್ಯರಾದ ನಾವೇ ಹೊಣೆ. ಆ ತಲೆಮಾರಿನ ಪಶುವೈದ್ಯರು ಹೋರಾಡಿದ್ದು ಸೋಂಕಿನ ವಿರುದ್ಧ. ರೋಗವಿಲ್ಲದ ಇಲಿ ಸುಖವಾಗಿಯೇ ಇದೆ ಎಂದು ನಂಬಿದ್ದರು. ಅಮೆರಿಕದ 1966ರ ಕಾಯಿದೆ ಬಂದದ್ದೂ ಕದ್ದ ಸಾಕುನಾಯಿಗಳ ಸುದ್ದಿಯಿಂದ. ಪ್ರಯೋಗಕ್ಕೆಂದೇ ಬೆಳೆಸಿದ ಇಲಿ ಇವತ್ತಿಗೂ ಅದರ ವ್ಯಾಪ್ತಿಗೆ ಬಂದಿಲ್ಲ.

ದಿಕ್ಕು ಬದಲಿಸಿದವರಲ್ಲಿ ನಾನು ಮೊದಲು ನೆನೆಯುವುದು ಪಾಲ್ ಫ್ಲೆಕ್‌ನೆಲ್ ಅವರನ್ನು. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ದುಡಿದ ಈ ಪಶುವೈದ್ಯ 1984ರಲ್ಲೇ ಪ್ರಯೋಗಾಲಯದ ಪ್ರಾಣಿಗಳ ನೋವು ನಿವಾರಣೆಯ ಬಗ್ಗೆ ದೀರ್ಘ ಪ್ರಬಂಧ ಬರೆದರು. 1987ರಲ್ಲಿ ಬಂದ ಅವರ ಅರಿವಳಿಕೆಯ ಪುಸ್ತಕ ನಮ್ಮಂಥವರ ಮೇಜಿನ ಮೇಲೆ ಪುಟ ಮಾಸುವಷ್ಟು ಬಳಕೆಯಾಯಿತು. ಶಸ್ತ್ರಕ್ರಿಯೆಯಾದ ಮಾರನೆಯ ದಿನವೇ ಇಲಿ ಓಡಾಡುತ್ತದೆ, ಮೇವು ಮುಟ್ಟುತ್ತದೆ, ಅದಕ್ಕೆಲ್ಲಿಯ ನೋವು ಎಂದು ವಿಜ್ಞಾನಿಗಳು ಕೇಳುತ್ತಿದ್ದ ಕಾಲ ಅದು. ಬೇಟೆಗೆ ಸಿಗುವ ಪ್ರಾಣಿ ನೋವನ್ನು ಬಚ್ಚಿಡುತ್ತದೆ. ಮನುಷ್ಯ ಒಳಗೆ ಬಂದೊಡನೆ ಸುಮ್ಮನಾಗುತ್ತದೆ. ಫ್ಲೆಕ್‌ನೆಲ್ ಮತ್ತು ಅವರ ಸಹೋದ್ಯೋಗಿ ಜಾನ್ ರಫನ್ ಇಲಿಗಳ ಚಲನವಲನವನ್ನು ಚಿತ್ರೀಕರಿಸಿ ಗಂಟೆಗಟ್ಟಲೆ ನೋಡಿದರು. ಹೊಟ್ಟೆ ಕೊಯ್ದ ಇಲಿ ಬೆನ್ನನ್ನು ಬಿಲ್ಲಿನಂತೆ ಬಾಗಿಸುತ್ತದೆ, ಪಕ್ಕೆ ಸೆಳೆದುಕೊಳ್ಳುತ್ತದೆ, ನಡೆಯುವಾಗ ತಟಕ್ಕನೆ ಮುಗ್ಗರಿಸುತ್ತದೆ. ಒಂದೊಂದೂ ಕ್ಷಣಮಾತ್ರದ ಚಲನೆ. ನೋವು ನಿವಾರಕ ಕೊಟ್ಟಾಗ ಅವು ಕಡಿಮೆಯಾದವು. 2001ರಲ್ಲಿ ಪ್ರಕಟವಾದ ಆ ಫಲಿತಾಂಶದ ಮುಂದೆ ಹಳೆಯ ವಾದ ನಿಲ್ಲಲಿಲ್ಲ.

ಮುಂದಿನ ದಶಕ ಫಲವತ್ತಾಗಿತ್ತು. 2010ರಲ್ಲಿ ಕೆನಡಾದ ಜೆಫ್ರಿ ಮೊಗಿಲ್ ತಂಡ ಚಿಟ್ಟಿಲಿಯ ಮುಖದಲ್ಲಿ ನೋವು ಓದುವ ಅಳತೆಗೋಲು ಕೊಟ್ಟಿತು: ಕಿರಿದಾದ ಕಣ್ಣು, ಉಬ್ಬಿದ ಮೂಗು ಮತ್ತು ಕೆನ್ನೆ, ಕಿವಿ, ಮೀಸೆಗಳ ನಿಲುವು. ಎರಡು ವರ್ಷದಲ್ಲಿ ಇಲಿ, ಮೊಲಗಳಿಗೂ ಅದು ವಿಸ್ತರಿಸಿತು. ಮೊಲದ ಕೆಲಸದಲ್ಲಿ ಫ್ಲೆಕ್‌ನೆಲ್ ಕೈಯೂ ಇದೆ. 2010ರಲ್ಲೇ ಲಿವರ್‌ಪೂಲಿನ ಜೇನ್ ಹರ್ಸ್ಟ್ ಮತ್ತು ರೆಬೆಕ್ಕಾ ವೆಸ್ಟ್ ಇನ್ನೊಂದು ವಿಷಯ ತೋರಿಸಿದರು. ಬಾಲ ಹಿಡಿದು ಎತ್ತಿದ ಚಿಟ್ಟಿಲಿ ಕಂಗೆಡುತ್ತದೆ. ಬೊಗಸೆಯಲ್ಲೋ ಕೊಳವೆಯಲ್ಲೋ ಎತ್ತಿದರೆ ತಾನಾಗಿ ಹತ್ತಿರ ಬರುತ್ತದೆ. ಕೋಟಿಗಟ್ಟಲೆ ಬೆಲೆಯ ಉಪಕರಣಗಳಿಗಿಂತ ಈ ಅಗ್ಗದ ಕೊಳವೆ ನನಗೆ ದೊಡ್ಡ ಶೋಧವಾಗಿ ಕಾಣುತ್ತದೆ.

ಭಾರತದ ಕಾನೂನು ಕಾಗದದ ಮೇಲೆ ಹಲವು ದೇಶಗಳಿಗಿಂತ ಉದಾರ. ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟುಹಿಡಿದದ್ದರ ಫಲವಾಗಿ ಬಂದ 1960ರ ಕಾಯಿದೆಗೆ ಮನುಷ್ಯನಲ್ಲದ ಯಾವ ಜೀವಿಯೂ ಪ್ರಾಣಿಯೇ, ಇಲಿಯೂ ಹೊರಗಿಲ್ಲ. ಅದರಡಿ ಪ್ರಯೋಗಗಳ ಉಸ್ತುವಾರಿ ಸಮಿತಿ 1964ರಲ್ಲಿ ರಚನೆಯಾದರೂ ಜೀವ ಬಂದದ್ದು 1998ರ ನಿಯಮಗಳಿಂದ. ಅದಕ್ಕೆ ಮೊದಲು ನಾನು ಕಂಡ ಹಲವು ಪ್ರಾಣಿಗೃಹಗಳು ನೆಲಮಾಳಿಗೆಯಲ್ಲೋ ತಾರಸಿಯ ಮೇಲೋ ಇದ್ದವು. ಪಶುವೈದ್ಯರನ್ನು ಕರೆಯುತ್ತಿದ್ದುದು ಸಾವಿನ ಲೆಕ್ಕಕ್ಕೆ ಸಹಿ ಹಾಕಲು. ಹೊಸ ನಿಯಮಗಳು ಪ್ರತಿ ಸಂಸ್ಥೆಯ ನೈತಿಕ ಸಮಿತಿಯಲ್ಲಿ ಪಶುವೈದ್ಯರಿಗೊಂದು ಕುರ್ಚಿ ಕೊಟ್ಟವು. ನಮ್ಮ ತಲೆಮಾರು ಆ ಕುರ್ಚಿಯಲ್ಲಿ ಕೂತು ಬೇಡ ಎನ್ನುವುದನ್ನು ನಿಧಾನವಾಗಿ ಕಲಿಯಿತು. ಮೂರು ಸೂತ್ರಗಳಿಗೆ ನಾಲ್ಕನೆಯದಾಗಿ ಪುನರ್ವಸತಿಯನ್ನು ಸೇರಿಸಿ, ಅದರ ವೆಚ್ಚವನ್ನು ಸಂಶೋಧನೆಯ ಲೆಕ್ಕಕ್ಕೇ ಹಾಕಿದ್ದು ಭಾರತ. ಇದರ ಬಗ್ಗೆ ಹೆಮ್ಮೆಪಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತರಬೇತಿ ಕೇಂದ್ರದಲ್ಲಿ ಕಲಿತ ತಂತ್ರಜ್ಞರು ದೇಶದ ಎಷ್ಟೋ ಪ್ರಾಣಿಗೃಹಗಳನ್ನು ನಿಭಾಯಿಸಿದರು.

ಆದರೂ ಕೊರತೆಗಳಿವೆ. ನಮ್ಮ ಪಶುವೈದ್ಯ ಪದವಿಯಲ್ಲಿ ಹಸು, ಎಮ್ಮೆ, ಕುರಿ, ಕೋಳಿಗಳಿಗೆ ಸಂಪುಟಗಟ್ಟಲೆ ಪಾಠವಿದ್ದರೆ ಇಲಿಗೆ ಕೆಲವೇ ಪುಟ. ಸಮಿತಿಗೆ ಬರುವ ಅರ್ಜಿಗಳಲ್ಲಿ ನೋವು ನಿವಾರಕದ ಹೆಸರಿರುತ್ತದೆ. ಕೊಟ್ಟ ಮೇಲೆ ನೋವು ಇಳಿಯಿತೇ ಎಂಬ ದಾಖಲೆಯನ್ನು ಕೇಳುವ ಸಮಿತಿ ವಿರಳ. ಭಾನುವಾರ, ಹಬ್ಬದ ದಿನ ಪಂಜರಗಳ ಮುಂದೆ ನಿಲ್ಲುವವರು ಗುತ್ತಿಗೆಯ ಪಾಲಕರು, ನೋವಿನ ಮುಖ ಓದಲು ಅವರಿಗೆ ಯಾರೂ ಕಲಿಸಿರುವುದಿಲ್ಲ. ಪಾಲಕರನ್ನು ಮರೆಯುವುದು ನಮಗೆ ಹೊಸದೂ ಅಲ್ಲ. ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆಯ ವೈರಸ್ಸು ಸಿಕ್ಕಿದ್ದು ಚಿಟ್ಟಿಲಿ ಮರಿಗಳ ಮೂಲಕ; ಕಾಯಿಲೆಯ ಕಥೆ ಮಲೆನಾಡಿನವರಿಗೆಲ್ಲ ಗೊತ್ತು, ಆ ಮರಿಗಳನ್ನು ಸಾಕಿದವರ ಕಥೆಯನ್ನು ಯಾರೂ ಹೇಳುವುದಿಲ್ಲ.

ನೋವು ನಿವಾರಣೆಯ ಕೊರತೆಯನ್ನು ಅಳೆಯಲು 2005ರಲ್ಲಿ ಫ್ಲೆಕ್‌ನೆಲ್ ಮತ್ತು ಕ್ಲೇರ್ ರಿಚರ್ಡ್‌ಸನ್ ಒಂದು ಸರಳ ಕೆಲಸ ಮಾಡಿದ್ದರು. ಇಲಿಗಳಿಗೆ ಶಸ್ತ್ರಕ್ರಿಯೆ ಮಾಡಿದ ಪ್ರಬಂಧಗಳನ್ನು ಗುಡ್ಡೆಹಾಕಿ, ಎಷ್ಟರಲ್ಲಿ ನೋವು ನಿವಾರಕದ ಉಲ್ಲೇಖವಿದೆ ಎಂದು ಎಣಿಸಿದರು. ಬಹುಪಾಲು ಪ್ರಬಂಧಗಳಲ್ಲಿ ಇರಲಿಲ್ಲ. ನಮ್ಮ ದೇಶದ ಪ್ರಬಂಧಗಳಿಗೂ ಅಂಥ ಎಣಿಕೆ ಆಗಬೇಕು. ಅದಕ್ಕೆ ದೊಡ್ಡ ಅನುದಾನ ಬೇಡ, ಒಂದು ಪ್ರಾಣಿಯನ್ನೂ ಮುಟ್ಟಬೇಕಿಲ್ಲ. ಹೆಬ್ಬಾಳದ ಅಥವಾ ಬೀದರಿನ ಪಶುವೈದ್ಯ ಕಾಲೇಜಿನ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ ಗ್ರಂಥಾಲಯದಲ್ಲಿ ಕೂತು ಮಾಡಬಹುದಾದ ಕೆಲಸವದು.