ಸಿಂಧನೂರು–ಲಿಂಗಸುಗೂರು ದಾರಿಯ ಬೇಸಿಗೆ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ವರ್ಷವರ್ಷವೂ ಹೊರತರುವ ಅಪಘಾತ ವರದಿಯಲ್ಲಿ ಹವಾಮಾನಕ್ಕೆಂದೇ ಒಂದು ಕೋಷ್ಟಕವಿದೆ. ಮಳೆಗೊಂದು ಸಾಲು, ಮಂಜಿಗೊಂದು, ಆಲಿಕಲ್ಲಿಗೊಂದು. ಇನ್ನೊಂದು ಸಾಲು ‘ಬಿಸಿಲು, ಶುಭ್ರ ಆಕಾಶ’. ದೇಶದ ಬಹುಪಾಲು ಅಪಘಾತಗಳು ಬಂದು ಬೀಳುವುದು ಈ ಸಾಲಿಗೇ. ಹವೆ ಚೆನ್ನಾಗಿತ್ತು, ತಪ್ಪು ಬೇರೆಲ್ಲೋ ಇದೆ ಎಂಬುದು ಅದರ ಒಳದನಿ. ಏಪ್ರಿಲ್ ಕೊನೆಗೆ ಮಧ್ಯಾಹ್ನ ಎರಡರ ಹೊತ್ತಿಗೆ ಮಸ್ಕಿಯಲ್ಲಿ ಬಸ್ಸಿಗೆ ಕಾದು ನಿಂತವರನ್ನು ಕೇಳಿದರೆ ಈ ವರ್ಗೀಕರಣದ ಬಗ್ಗೆ ಅವರ ಅಭಿಪ್ರಾಯ ಬೇರೆಯೇ ಇರುತ್ತದೆ.

ರಾಯಚೂರು ಜಿಲ್ಲೆಯ ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಐವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು. ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಇದೇ. ದೂರ ಸಣ್ಣದಾದರೂ ನೆಲ ಒಂದೇ ಅಲ್ಲ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತ, ಅಕ್ಕಿ ಗಿರಣಿ, ಕೆಳಗೆ ಆಳವಾದ ಎರೆ ಮಣ್ಣು. ಮಸ್ಕಿಯ ಹೊತ್ತಿಗೆ ಕಾಲುವೆ ನೀರಿನ ಜೋರು ಇಳಿದು ಬಂಡೆಗುಡ್ಡಗಳು ಎದ್ದು ನಿಲ್ಲುತ್ತವೆ. ಲಿಂಗಸುಗೂರು ತಾಲ್ಲೂಕಿಗೆ ಬಂದರೆ ಮಸಾರಿ, ಕಲ್ಲು, ಹಟ್ಟಿ ಚಿನ್ನದ ಗಣಿಯ ಸೀಮೆ. ಕರ್ನಾಟಕದಲ್ಲಿ ದಾಖಲಾದ ಅತಿ ಹೆಚ್ಚಿನ ತಾಪಮಾನಗಳ ಮಾತು ಬಂದಾಗಲೆಲ್ಲ ಹೆಸರಾಗುವುದು 1928ರ ಮೇ 23ರ ರಾಯಚೂರು: 45.6 ಡಿಗ್ರಿ ಸೆಲ್ಸಿಯಸ್. ಬೇಸಿಗೆ ಮತ್ತು ರಸ್ತೆಯ ಸಂಬಂಧ ಹೇಗೆ ಬದಲಾಗುತ್ತ ಬಂತು ಎಂದು ನೋಡಲು ಇದಕ್ಕಿಂತ ಒಳ್ಳೆಯ ದಾರಿ ಸಿಗಲಿಕ್ಕಿಲ್ಲ.

ಅಶೋಕನಿಂದ ಶುರುಮಾಡುವುದು ಇಲ್ಲಿನ ರೂಢಿ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಮೇಲೆ ಕಂಡ ಶಾಸನ ‘ಅಶೋಕ’ ಎಂಬ ಹೆಸರನ್ನೇ ಹೇಳಿ ಜಗತ್ತಿನ ಗಮನ ಸೆಳೆಯಿತು. ಸಾಲುಮರ ನೆಡಿಸಿದ, ಬಾವಿ ತೋಡಿಸಿದ ಎಂಬ ಮಾತನ್ನು ಭಾಷಣಕಾರರು ಇದೇ ಬಂಡೆಗೆ ಅಂಟಿಸಿಬಿಡುತ್ತಾರೆ. ಆ ಮಾತಿರುವುದು ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ, ಮಸ್ಕಿಯಲ್ಲಲ್ಲ. ಈ ಸೀಮೆಯ ಬೇಸಿಗೆ ಪಯಣದ ಬಗ್ಗೆ ನಿಜವಾಗಿ ಕೈಗೆ ಸಿಗುವ ಹಳೆಯ ವಿವರ ನೂನಿಜ್‌ನದು. ಕುದುರೆ ವ್ಯಾಪಾರಿಯಾಗಿ ವಿಜಯನಗರಕ್ಕೆ ಬಂದಿದ್ದ ಈ ಪೋರ್ಚುಗೀಸನು, ಕೃಷ್ಣದೇವರಾಯ 1520ರಲ್ಲಿ ರಾಯಚೂರಿನ ಮೇಲೆ ದಂಡೆತ್ತಿ ಹೋದದ್ದನ್ನು ಬಣ್ಣಿಸುವಾಗ, ಚರ್ಮದ ಚೀಲಗಳಲ್ಲಿ ನೀರು ಹೊತ್ತ ಹನ್ನೆರಡು ಸಾವಿರ ಜನ ದಾರಿಯುದ್ದಕ್ಕೂ ನಿಂತು ಬೇಕಾದವರಿಗೆ ಕೊಡುತ್ತಿದ್ದರೆಂದು ಬರೆಯುತ್ತಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೆ ತುಂಗಭದ್ರೆ ದಾಟಿ ಕೃಷ್ಣೆಯ ಕಡೆ ನಡೆಯುವ ಸೈನ್ಯಕ್ಕೆ ಶತ್ರುವಿಗಿಂತ ಮೊದಲು ಎದುರಾಗುವುದು ಬಾಯಾರಿಕೆ ಎಂಬ ಲೆಕ್ಕ ದಂಡಿನ ವ್ಯವಸ್ಥೆಯೊಳಗೇ ಇತ್ತು.

ಇದೇ ಲೆಕ್ಕದ ಊರಮಟ್ಟದ ರೂಪ ಅರವಟ್ಟಿಗೆ. ದಾರಿಹೋಕರಿಗೆ ನೀರಿಡಲು ಭೂಮಿ, ಹಣ ದತ್ತಿ ಬಿಟ್ಟದ್ದನ್ನು ಕನ್ನಡದ ಶಾಸನಗಳು ಹೇಳುತ್ತವೆ. ಹೊತ್ತಿನ ಲೆಕ್ಕವೂ ಅಷ್ಟೇ ಕಟ್ಟುನಿಟ್ಟು: ಚಕ್ಕಡಿ ಹೂಡುವುದು ಬೆಳಗಿನ ಜಾವ ಇಲ್ಲವೇ ಹೊತ್ತು ಮುಳುಗಿದ ಮೇಲೆ. ಹೈದರಾಬಾದ್ ಕಂಟಿಂಜೆಂಟಿನ ದಂಡು ಲಿಂಗಸುಗೂರಿನಲ್ಲಿ ಬೀಡುಬಿಟ್ಟಿದ್ದ ಕಾಲದಲ್ಲಿ ದೊರೆಗಳೂ ಬೇಸಿಗೆಯಲ್ಲಿ ಪಲ್ಲಕ್ಕಿ ಏರುತ್ತಿದ್ದುದು ರಾತ್ರಿಯೇ. 1905ರವರೆಗೆ ಲಿಂಗಸುಗೂರು ತಾನೇ ಒಂದು ಜಿಲ್ಲೆ, ನಿಜಾಮರ ಆಡಳಿತದ್ದು. ಅಲ್ಲಿಯತನಕದ ಇಡೀ ಜ್ಞಾನ ಪಯಣಿಗನ ಸುತ್ತ ಇತ್ತು. ನೆರಳು, ನೀರು, ಹೊತ್ತು. ದಾರಿಯ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಬೇಸಿಗೆಯಲ್ಲಿ ಎರೆ ಮಣ್ಣಿನ ದಾರಿ ಕಲ್ಲಿನಷ್ಟು ಗಟ್ಟಿ, ಕೆಡುವುದೇನಿದ್ದರೂ ಮಳೆಗಾಲದಲ್ಲಿ.

ಮೋಟಾರು ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ನಿಜಾಮರ ರೈಲ್ವೆ 1932ರ ಜೂನ್‌ನಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಶುರುಮಾಡಿತು. ಬಸ್ಸಿಗೆ ವೇಳಾಪಟ್ಟಿ ಇರುತ್ತದೆ, ಅದು ಹೊತ್ತು ನೋಡಿ ಹೂಡುವ ಚಕ್ಕಡಿಯಲ್ಲ. 1927ರ ಜಯಕರ್ ಸಮಿತಿ, 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್, 1943ರ ನಾಗಪುರ ಯೋಜನೆ ಇವುಗಳ ದಾರಿಯಲ್ಲಿ ರಸ್ತೆ ಒಂದು ಶಾಸ್ತ್ರವಾಯಿತು. ಶಾಸ್ತ್ರದ ಕಣ್ಣು ಪಯಣಿಗನಿಂದ ರಸ್ತೆಯ ಮೈಮೇಲೆ ಹೊರಳಿದ್ದೂ ಆಗಲೇ.

ಮೊದಲ ಪ್ರಶ್ನೆ ಡಾಂಬರಿನದು. ಬಹುಕಾಲ ನಮ್ಮಲ್ಲಿ ಡಾಂಬರನ್ನು ಅಳೆಯುತ್ತಿದ್ದುದು ಸೂಜಿಯಿಂದ. 25 ಡಿಗ್ರಿಯಲ್ಲಿಟ್ಟ ಡಾಂಬರಿಗೆ ಗೊತ್ತಾದ ತೂಕದ ಸೂಜಿ ಐದು ಸೆಕೆಂಡು ಊರಿದರೆ ಎಷ್ಟು ಇಳಿಯುತ್ತದೆ ಎಂಬುದೇ ದರ್ಜೆ. ಗುತ್ತಿಗೆದಾರರ ಬಾಯಲ್ಲಿ ಇವತ್ತಿಗೂ ಉಳಿದಿರುವ ‘ಎಯ್ಟಿ ಹಂಡ್ರೆಡ್’ ಬಂದದ್ದು ಇಲ್ಲಿಂದ: ಎಂಟರಿಂದ ಹತ್ತು ಮಿಲಿಮೀಟರ್ ಇಳಿಯುವ ಡಾಂಬರು. ಸಿಂಧನೂರಿನ ರಸ್ತೆ ಮೇ ತಿಂಗಳಲ್ಲಿ ಬೆಳಗಿನ ಜಾವಕ್ಕೂ 25 ಡಿಗ್ರಿಗೆ ಇಳಿಯುವುದು ಕಷ್ಟ. ಗಾಳಿಯ ಉಷ್ಣತೆ 42 ಇದ್ದರೆ ಕಪ್ಪು ರಸ್ತೆಯ ಮೈ 60 ದಾಟುತ್ತದೆ. ಇರದ ಚಳಿಯಲ್ಲಿ ಪರೀಕ್ಷೆ ಮಾಡಿ, ಇರುವ ಬಿಸಿಲಿಗೆ ಹಾಸುತ್ತಿದ್ದೆವು ಎಂದರೆ ತಪ್ಪಾಗದು.

ಭಾರತೀಯ ಮಾನಕ ಬ್ಯೂರೊ 2006ರಲ್ಲಿ ಡಾಂಬರಿನ ಮಾನಕವಾದ ಐಎಸ್ 73ನ್ನು ಬದಲಿಸಿ ಸ್ನಿಗ್ಧತೆಯ ದರ್ಜೆಗಳನ್ನು (ವಿಜಿ) ತಂದಾಗ ಅಳತೆಯ ಉಷ್ಣತೆ 60 ಡಿಗ್ರಿಗೆ ಬಂತು. 2013ರ ಪರಿಷ್ಕರಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಊರಿನ ಏಳು ದಿನಗಳ ಸರಾಸರಿ ಗರಿಷ್ಠ ಉಷ್ಣತೆ ನೋಡಿ ದರ್ಜೆ ಆರಿಸಬೇಕೆಂದಿತು. 38ರಿಂದ 45 ಡಿಗ್ರಿಯ ಊರಿಗೆ ವಿಜಿ-30, ಅದಕ್ಕೂ ಮೇಲಾದರೆ ವಿಜಿ-40. ಅಮೆರಿಕದಲ್ಲಿ 1987ರಿಂದ 1993ರವರೆಗೆ ನಡೆದ ದೊಡ್ಡ ಹೆದ್ದಾರಿ ಸಂಶೋಧನೆಯ ‘ಸೂಪರ್‌ಪೇವ್’ ಪದ್ಧತಿ ಇದೇ ಏಳು ದಿನದ ಲೆಕ್ಕವನ್ನು ರಸ್ತೆಯ ಉಷ್ಣತೆಗೇ ಹಚ್ಚಿತ್ತು.

ಬಿಸಿಗೆ ಡಾಂಬರು ಮೆತ್ತಗಾಗುವುದು ಪ್ರಯೋಗಶಾಲೆಯಲ್ಲಿ ಕಣ್ಣಿಗೇ ಕಾಣುತ್ತದೆ. ಹಿತ್ತಾಳೆ ಉಂಗುರದಲ್ಲಿ ಡಾಂಬರು ತುಂಬಿ, ಮೇಲೆ ಮೂರೂವರೆ ಗ್ರಾಂ ತೂಕದ ಉಕ್ಕಿನ ಗುಂಡು ಇಟ್ಟು, ನೀರನ್ನು ನಿಮಿಷಕ್ಕೆ ಐದು ಡಿಗ್ರಿಯಂತೆ ಕಾಯಿಸುತ್ತಾರೆ. ನಲವತ್ತರ ಹತ್ತಿರ ಏನೂ ಆಗುವುದಿಲ್ಲ. ಆಮೇಲೆ ಡಾಂಬರು ನಡುವೆ ಜೋತು, ಗುಂಡನ್ನು ಹೊತ್ತುಕೊಂಡೇ ಕೆಳಗಿನ ತಟ್ಟೆ ಮುಟ್ಟುತ್ತದೆ. ವಿಜಿ-30ಕ್ಕೆ ಇದು 47 ಡಿಗ್ರಿಯ ಒಳಗೆ ಆಗಕೂಡದು, ವಿಜಿ-40ಕ್ಕೆ 50ರ ಒಳಗೆ. ರಸ್ತೆ 60 ಮುಟ್ಟಿದಾಗಲೂ ಪೂರ್ತಿ ಹರಿದುಹೋಗದಿರುವುದಕ್ಕೆ ಕಾರಣ ಅದರೊಳಗಿನ ಜಲ್ಲಿ ಒಂದಕ್ಕೊಂದು ಕಚ್ಚಿಕೊಂಡಿರುವುದು. ಡಾಂಬರು ಹೆಚ್ಚಾದಲ್ಲಿ, ಜಲ್ಲಿಯ ಹಿಡಿತ ತಪ್ಪಿದಲ್ಲಿ ಅದು ಮೇಲಕ್ಕೆ ಒಸರುತ್ತದೆ, ಚಪ್ಪಲಿಗೆ ಅಂಟುತ್ತದೆ.

ಎಲ್ಲಿ ಒಸರುತ್ತದೆ ಎಂಬುದಕ್ಕೂ ಒಂದು ನಿಯಮವಿದೆ. ಬಿಸಿ ಡಾಂಬರು ಓಡುವ ಗಾಲಿಯನ್ನು ತಡೆದುಕೊಳ್ಳುತ್ತದೆ, ನಿಂತ ಗಾಲಿಯನ್ನು ತಡೆಯಲಾರದು. ಭಾರ ಎಷ್ಟು ಹೊತ್ತು ಕೂತಿತು ಎಂಬುದೇ ಮುಖ್ಯ. ಹಾಗಾಗಿ ನೇರ ರಸ್ತೆ ಚೆನ್ನಾಗಿದ್ದು, ಊರ ಮುಂದಿನ ರಸ್ತೆಯುಬ್ಬಿಗೆ ಮೊದಲು ಹತ್ತು ಮಾರು ಮಾತ್ರ ಡಾಂಬರು ಅಲೆಅಲೆಯಾಗಿ ಮುಂದಕ್ಕೆ ತಳ್ಳಿರುತ್ತದೆ. ಭತ್ತದ ಲಾರಿ ಬ್ರೇಕ್ ಹಾಕುವ ಜಾಗ ಅದು. ಬಸ್ ನಿಲ್ಲುವ ಕಡೆ, ಗಿರಣಿ ಎದುರು ಲಾರಿ ಸಾಲು ಹಚ್ಚುವ ಕಡೆ ಗಾಲಿಯ ಜಾಡು ಕಾಲುವೆಯಂತೆ ಬಿದ್ದಿರುತ್ತದೆ. ಭಾರೀ ವಾಹನ ಹೆಚ್ಚಿರುವಲ್ಲಿ ಬಿಸಿಲಿನ ಅಂಕಿ ಏನೇ ಹೇಳಲಿ ವಿಜಿ-40 ಅಥವಾ ಪಾಲಿಮರ್ ಬೆರೆಸಿದ ಡಾಂಬರು ಬಳಸಿ ಎನ್ನುವ ಸಲಹೆ ಬಂದದ್ದು ಇದರಿಂದಲೇ. ಇಂಗ್ಲೆಂಡಿನಲ್ಲಿ ರಸ್ತೆ 50 ಡಿಗ್ರಿ ಮುಟ್ಟಿದರೆ ಕಲ್ಲುಪುಡಿ ಎರಚುವ ವಾಹನ ಹೊರಡಿಸುತ್ತಾರೆ. 2022ರ ಜುಲೈನಲ್ಲಿ ಅದು ಅಲ್ಲಿ ದೊಡ್ಡ ಸುದ್ದಿ. ನಮ್ಮಲ್ಲಿ ಅದು ಮಾರ್ಚ್ ತಿಂಗಳು.

ಆದರೆ ನನ್ನ ಮಟ್ಟಿಗೆ ಈ ಸೀಮೆಯ ಬೇಸಿಗೆಯ ನಿಜವಾದ ಹಾನಿ ಡಾಂಬರಿನದಲ್ಲ, ಅದರ ಕೆಳಗಿನದು. ಎರೆ ಮಣ್ಣಿನ ಜೇಡಿಯ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಫೆಬ್ರವರಿಯಿಂದ ಹೊಲ ಬಿರಿಯುತ್ತದೆ, ಕೈ ತೂರುವಷ್ಟು ಅಗಲ. ರಸ್ತೆಯ ನಡುಭಾಗದ ಕೆಳಗೆ ಡಾಂಬರಿನ ಮುಚ್ಚಳವಿರುವುದರಿಂದ ತೇವ ಉಳಿಯುತ್ತದೆ. ಅಂಚುಗಳು ಬಿಸಿಲಿಗೆ ಒಣಗಿ ಕೆಳಕ್ಕೆ ಜಾರುತ್ತವೆ. ಆಗ ರಸ್ತೆಯ ಉದ್ದಕ್ಕೂ, ಅಂಚಿನಿಂದ ಮೂರ್ನಾಲ್ಕು ಅಡಿ ಒಳಗೆ ಸೀಳು ಮೂಡುತ್ತದೆ, ಪಕ್ಕದ ಮಣ್ಣು ಕುಸಿದು ಗೇಣುದ್ದದ ಮೆಟ್ಟಿಲಾಗುತ್ತದೆ. ಎದುರು ಲಾರಿಗೆ ದಾರಿ ಬಿಡಲು ಹೋದ ಬೈಕಿನ ಗಾಲಿ ಆ ಮೆಟ್ಟಿಲು ಇಳಿದರೆ ಮತ್ತೆ ಏರುವುದಿಲ್ಲ. ಸಿಂಧನೂರು ಕಡೆ ಇನ್ನೊಂದು ತೊಡಕೂ ಇದೆ: ಒಂದು ಬದಿ ನೀರು ನಿಂತ ಗದ್ದೆ, ಇನ್ನೊಂದು ಬದಿ ಒಣ ನೆಲ. ಕಾಲುವೆ ನಿಂತ ಮೇಲೆ ಗದ್ದೆಯೂ ಒಣಗಿ, ರಸ್ತೆ ಎರಡನೇ ಸಲ ಕೂರುತ್ತದೆ.

ಭರಣಿ, ಕೃತ್ತಿಕೆಯ ಅಡ್ಡಮಳೆ ಬಂದಾಗ ನೀರು ಈ ಸೀಳುಗಳ ಮೂಲಕ ನೇರವಾಗಿ ಅಡಿಪಾಯಕ್ಕಿಳಿಯುತ್ತದೆ. ಜೂನ್‌ನಲ್ಲಿ ಗುಂಡಿ ಬೀಳುತ್ತದೆ, ಬೈಗುಳ ಮಳೆಗೆ. ಅಪರಾಧ ನಡೆದದ್ದು ಏಪ್ರಿಲ್‌ನಲ್ಲಿ. ಇದಕ್ಕೆ ಔಷಧ ಗೊತ್ತಿಲ್ಲದ್ದೇನಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1970ರಲ್ಲಿ ಮೊದಲು ತಂದು ಹಲವು ಸಲ ತಿದ್ದಿದ ಐಆರ್‌ಸಿ 37 ಕೈಪಿಡಿಯ 2001ರ ಆವೃತ್ತಿ, ಉಬ್ಬುವ ಮಣ್ಣಿನ ಮೇಲೆ 0.6ರಿಂದ 1 ಮೀಟರ್ ದಪ್ಪದ ಉಬ್ಬದ ಮಣ್ಣಿನ ಪದರ ಹಾಕಬೇಕೆನ್ನುತ್ತದೆ. ಸುಣ್ಣ ಬೆರೆಸಿ ಎರೆಯನ್ನು ಪಳಗಿಸುವ ವಿಧಾನವೂ ಹಳೆಯದೇ. ಹೆದ್ದಾರಿಗೆ ಇದು ಆದೀತು. 2000ದ ಡಿಸೆಂಬರಿನಲ್ಲಿ ಶುರುವಾದ ಗ್ರಾಮ ಸಡಕ್ ಯೋಜನೆಯಡಿ ಹಳ್ಳಿಹಳ್ಳಿಗೆ ಹೋದ ರಸ್ತೆಗಳ ಮೇಲ್ಪದರ ಸಾಮಾನ್ಯವಾಗಿ ಎರಡೇ ಸೆಂಟಿಮೀಟರ್. ಅಷ್ಟು ತೆಳು ಹಾಸಿಗೆಗೆ ಮಾನಕದ ದರ್ಜೆ ಯಾವುದಾದರೇನು?

ಏಪ್ರಿಲ್–ಮೇನಲ್ಲಿ ಬೇಸಿಗೆ ಭತ್ತದ ರಾಶಿ ಬಂದಾಗ ಈ ಬಿಸಿ ರಸ್ತೆಗೆ ಬೇರೊಂದು ಉಪಯೋಗ ಹುಟ್ಟುತ್ತದೆ. ಇದಕ್ಕಿಂತ ಬೇಗ ಭತ್ತ ಒಣಗಿಸುವ ಕಣ ಸುತ್ತಲಿನ ಊರುಗಳಲ್ಲಿ ಇಲ್ಲ. ಅರ್ಧ ರಸ್ತೆಗೆ ಭತ್ತ ಹರವಿ, ಅಂಚಿಗೆ ಕಲ್ಲಿಟ್ಟು, ರಾತ್ರಿ ತಾಡಪತ್ರಿ ಹೊದಿಸುತ್ತಾರೆ. ಬೈಕಿನವರಿಗೆ ಕತ್ತಲಲ್ಲಿ ಆ ಕಲ್ಲು ಕಾಣುವುದಿಲ್ಲ. ಪೊಲೀಸರು ಎಚ್ಚರಿಸುತ್ತಾರೆ, ರೈತ ತಲೆಯಾಡಿಸುತ್ತಾನೆ. ತೇವ ಇರುವ ಭತ್ತಕ್ಕೆ ಬೆಲೆ ಮುರಿಯುವ ವ್ಯಾಪಾರಿ ಇರುವತನಕ ಇದು ನಿಲ್ಲದು. ರಸ್ತೆ ಸುರಕ್ಷತೆಯ ಅರ್ಧ ಪರಿಹಾರ ಇಲ್ಲಿ ಎಪಿಎಂಸಿ ಅಂಗಳದ ಒಣಗಿಸುವ ಕಟ್ಟೆಯಲ್ಲಿದೆ.

ವಾಹನಗಳ ವಿಷಯದಲ್ಲಿ ತಿಳಿವಳಿಕೆಗಿಂತ ನಂಬಿಕೆಯೇ ಮುಂದಿದೆ. ಬೇಸಿಗೆಯಲ್ಲಿ ಟೈರಿನ ಗಾಳಿ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಸಿಡಿಯುತ್ತದೆ ಎನ್ನುವವರು ಬಹಳ. ಮೂವತ್ತು ಡಿಗ್ರಿಯಲ್ಲಿ ತುಂಬಿದ ಗಾಳಿ ಅರವತ್ತಕ್ಕೆ ಏರಿದರೆ ಒತ್ತಡ ಹೆಚ್ಚುವುದು ಶೇ 10ರ ಆಸುಪಾಸು. ಅಷ್ಟನ್ನು ಒಳ್ಳೆಯ ಟೈರು ತಾಳುತ್ತದೆ. ಸಿಡಿಸುವುದು ಕಡಿಮೆ ಗಾಳಿಯೇ. ಮೆತ್ತಗಾದ ಟೈರು ಪ್ರತಿ ಸುತ್ತಿಗೂ ಮಡಿಚಿ ಬಿಚ್ಚಿ ತನ್ನೊಳಗೇ ಬಿಸಿ ಹುಟ್ಟಿಸಿಕೊಳ್ಳುತ್ತದೆ, ಅದರ ಮೇಲೆ ಮಿತಿಮೀರಿದ ಹೇರು, ರೀಸೋಲ್ ಮಾಡಿದ ಪಟ್ಟಿ. ಹೆದ್ದಾರಿ ಬದಿಯಲ್ಲಿ ಬಿದ್ದಿರುವ ಕಪ್ಪು ರಬ್ಬರ್ ಪಟ್ಟಿಗಳು ಇದರ ಲೆಕ್ಕಪತ್ರ.

ಗಾಳಿಮಳೆಯ ವಿಷಯ ಬೇಗ ಮುಗಿಸಬಹುದು, ಏಕೆಂದರೆ ಪ್ರಗತಿ ನಿಜವಾಗಿ ಆಗಿರುವುದು ಅಲ್ಲಿಯೇ. ಸಂಜೆ ನಾಲ್ಕರ ಮೇಲೆ ಏಳುವ ಸುಂಟರಗಾಳಿ, ಸಿಡಿಲು, ಮುರಿದು ಬೀಳುವ ಬೇವಿನ ಕೊಂಬೆ, ವಾಲಿದ ಕರೆಂಟ್ ಕಂಬ ಇವು ಹಿಂದೆ ಹೇಳದೆ ಬರುತ್ತಿದ್ದವು. ಈಗ ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆಗಳು, ಸಿಡಿಲಿಗೆ ‘ದಾಮಿನಿ’ ಆ್ಯಪ್, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿ ಮೊಬೈಲಿಗೇ ಬರುತ್ತವೆ. ಬಯಲಿನಲ್ಲಿ 40 ಡಿಗ್ರಿ ದಾಟಿ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿದ್ದರೆ, ಇಲ್ಲವೇ ನೇರವಾಗಿ 45 ಮುಟ್ಟಿದರೆ ಬಿಸಿಗಾಳಿ ಎಂಬುದು ಇಲಾಖೆಯ ಅಳತೆ. ವಾಡಿಕೆಯೇ 40ರ ಹತ್ತಿರವಿರುವ ಸೀಮೆಯಲ್ಲಿ, ಈ ಅಳತೆಯ ಪ್ರಕಾರ 43 ಡಿಗ್ರಿ ಬಿಸಿಲು ಬಿಸಿಗಾಳಿಯೇ ಆಗದೆ ಹೋಗಬಹುದು.

ಪಯಣಿಗನ ಕಡೆಗೆ ಸರ್ಕಾರ ಇಂದಿಗೂ ಉಳಿಸಿಕೊಂಡಿರುವ ಒಂದೇ ಹಳೆಯ ಕ್ರಮವೆಂದರೆ ಹೊತ್ತು ಬದಲಿಸುವುದು. ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಉದ್ದೇಶ ಒಳ್ಳೆಯದೇ. ಆದರೆ ಮಸ್ಕಿಯಲ್ಲಿ ನೌಕರಿ ಮಾಡಿ ಲಿಂಗಸುಗೂರಿನಲ್ಲಿ ಮನೆ ಇರುವವರು ಒಂದೂವರೆಗೆ ಕಚೇರಿ ಬಾಗಿಲು ಹಾಕಿ, ಇಡೀ ದಿನದ ಕಡುಬಿಸಿಲಿಗೆ ಸರಿಯಾಗಿ ಬಸ್ಸಿಗೆ ಬಂದು ನಿಲ್ಲುತ್ತಾರೆ. ಬಸ್ಸಿನ ವೇಳಾಪಟ್ಟಿ ಈ ಬದಲಾವಣೆಗೆ ಹೊಂದಿಕೊಳ್ಳದಿದ್ದರೆ ಉಳಿತಾಯವೆಲ್ಲ ಅಲ್ಲೇ ಖರ್ಚು. ಸಿಂಧನೂರಿಗೆ 2024ರಲ್ಲಿ ರೈಲು ಬಂತು. ಲಿಂಗಸುಗೂರು ಗದಗ–ವಾಡಿ ಮಾರ್ಗ ಕಾಯುತ್ತಿದೆ. ಅಲ್ಲಿಯತನಕ ಬೆಂಗಳೂರಿಗೆ ಗುಳೆ ಹೋಗುವವರಿಗೂ ರಸ್ತೆಯೇ ಗತಿ, ಅದೂ ರಾತ್ರಿ ಬಸ್ಸು.

ನೆರಳಿನ ಲೆಕ್ಕ ಇನ್ನೂ ಕಷ್ಟದ್ದು. ರಸ್ತೆ ಅಗಲವಾದಾಗಲೆಲ್ಲ ಮೊದಲು ಹೋಗುವುದು ಬೇವು, ಹುಣಸೆ. 2015ರ ಹಸಿರು ಹೆದ್ದಾರಿ ನೀತಿ ಯೋಜನಾ ವೆಚ್ಚದ ಶೇ 1ರಷ್ಟನ್ನು ಗಿಡಕ್ಕೆ ಇಡಬೇಕೆಂದಿತು. ಹಣಕ್ಕಿಂತ ದೊಡ್ಡ ಕೊರತೆ ನೀರಿನದು: ಮೊದಲ ಮೂರು ಬೇಸಿಗೆ ಟ್ಯಾಂಕರ್ ಬಾರದ ಸಸಿ ಈ ನೆಲದಲ್ಲಿ ಮರವಾಗುವುದಿಲ್ಲ. ಮರ ಹೋದ ಕಡೆ ಬಂದಿರುವ ತಗಡಿನ ತಂಗುದಾಣದ ಕೆಳಗೆ ಮಧ್ಯಾಹ್ನ ಯಾರೂ ಕೂರರು. ಜನ ಎದುರಿನ ಹೋಟೆಲಿನ ಗೋಡೆಯ ನೆರಳಿಗೆ ಸರಿಯುತ್ತಾರೆ, ಅಲ್ಲಿ ಒದ್ದೆ ಬಟ್ಟೆ ಸುತ್ತಿದ ಹರವಿಯಾದರೂ ಇರುತ್ತದೆ. ಅರವಟ್ಟಿಗೆಯನ್ನು ಈಗ ಇಡುವವರು ಮಠ, ಸಂಘ, ಹುಟ್ಟುಹಬ್ಬ ಆಚರಿಸುವ ನಾಯಕರ ಅಭಿಮಾನಿಗಳು. ರಸ್ತೆಯ ಅಂದಾಜುಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಇತ್ತೀಚಿನ ಒಂದು ಆದೇಶ ಮಾತ್ರ ಕಣ್ಣನ್ನು ಮತ್ತೆ ಮನುಷ್ಯನ ಕಡೆಗೆ ತಿರುಗಿಸಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಚಾಲಕರ ಕ್ಯಾಬಿನ್ ಹವಾನಿಯಂತ್ರಿತವಾಗಿರಬೇಕು. ಎಂಜಿನ್ನಿನ ಕಾವು ತೊಡೆಗೆ ತಾಗುವ ಸೀಟಿನಲ್ಲಿ ಹತ್ತು ತಾಸು ಕೂತವನ ಕೈ ಸ್ಟೇರಿಂಗಿನ ಮೇಲೆ ಎಷ್ಟು ಚುರುಕಾಗಿರುತ್ತದೆ ಎಂಬ ಪ್ರಶ್ನೆ ಕೊನೆಗೂ ಕಾಗದಕ್ಕೆ ಬಂತು. ಹಳೆಯ ಲಾರಿಗಳಿಗೆ ಇದು ಅನ್ವಯಿಸದು. ಕೂಲಿಗಳನ್ನು ಕಿಕ್ಕಿರಿದು ತುಂಬಿಕೊಂಡು ಸಿಂಧನೂರಿನ ಗದ್ದೆಗಳಿಗೆ ಓಡುವ ಕ್ರೂಸರಿಗೆ, ಟಂಟಮ್ಮಿಗೆ, ಭತ್ತದ ಟ್ರ್ಯಾಲಿ ಎಳೆಯುವ ಟ್ರ್ಯಾಕ್ಟರಿಗೆ ಅನ್ವಯಿಸುವ ನಿಯಮ ಇನ್ನೂ ಬಂದಿಲ್ಲ.