ಹಣ ಯಾರದು, ನೆಲ ಯಾರದು: ಕೊಲ್ಲಾಪುರ ಸೀಮೆಯ ರೈಲು ಮತ್ತು ರಸ್ತೆಗಳ ಚರಿತ್ರೆ

ಶಾಲೆಯ ಗೋಡೆಗಳ ಒಳಗೆ ನಡೆದ ನೂರು ವರ್ಷಗಳ ಕಥೆಯನ್ನು ಈ ಸಂಚಿಕೆಯ ಇತರ ಲೇಖನಗಳು ಹೇಳುತ್ತವೆ. ಶಾಲೆಯ ಬಾಗಿಲಿಗೆ ಬಂದು ಸೇರುವ ದಾರಿಗಳ ಕಥೆಯನ್ನು ನಾವು ಇಲ್ಲಿ ಬರೆಯುತ್ತಿದ್ದೇವೆ. ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರೂ ಒಂದೇ ಜಿಲ್ಲೆಯ ಊರುಗಳು. ಮೊದಲನೆಯದಕ್ಕೆ ರೈಲು ಬಂದು 130 ವರ್ಷಗಳು ಮೀರಿವೆ. ಉಳಿದೆರಡಕ್ಕೆ ಇಂದಿಗೂ ಬಂದಿಲ್ಲ. ಈ ವ್ಯತ್ಯಾಸ ಏಕೆ ಉಂಟಾಯಿತೆಂದು ತಿಳಿಯಬೇಕಾದರೆ ಭೂಪಟದ ಜೊತೆಗೆ ಲೆಕ್ಕದ ಪುಸ್ತಕವನ್ನೂ ತೆರೆಯಬೇಕಾಗುತ್ತದೆ.

ರೈಲು ಬರುವ ಮೊದಲು ಈ ಸೀಮೆಯ ಬೆಲ್ಲ, ತಂಬಾಕು, ಧಾನ್ಯಗಳು ಎತ್ತಿನ ಗಾಡಿಗಳಲ್ಲಿ ಸಹ್ಯಾದ್ರಿಯ ಘಾಟುಗಳನ್ನಿಳಿದು ರಾಜಾಪುರ, ವೆಂಗುರ್ಲೆಗಳಂಥ ಕರಾವಳಿಯ ಬಂದರುಗಳನ್ನು ಸೇರುತ್ತಿದ್ದವು. 1876–78ರ ಭೀಕರ ಬರಗಾಲದಲ್ಲಿ ಒಂದೆಡೆ ಇದ್ದ ಧಾನ್ಯವನ್ನು ಹಸಿದವರಿದ್ದ ಇನ್ನೊಂದೆಡೆಗೆ ಮುಟ್ಟಿಸುವುದು ದುಸ್ತರವಾಯಿತು. ಗಾಡಿ ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತವು. 1880ರಲ್ಲಿ ವರದಿ ನೀಡಿದ ಕ್ಷಾಮ ಆಯೋಗವು ಬರಪೀಡಿತ ಪ್ರದೇಶಗಳಿಗೆ ರೈಲುಮಾರ್ಗಗಳು ಬೇಕೆಂದು ಒತ್ತಿ ಹೇಳಿತು. ಈ ಹಿನ್ನೆಲೆಯಲ್ಲಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹೂಡಿಕೆದಾರರಿಗೆ ಸರ್ಕಾರ ಬಡ್ಡಿಯ ಭರವಸೆ ನೀಡಿತ್ತು. ಲಾಭ ಬಾರದಿದ್ದರೂ ಬಡ್ಡಿ ಸಲ್ಲುತ್ತಿತ್ತು, ಮತ್ತು ಆ ಬಡ್ಡಿ ಹೊರಡುತ್ತಿದ್ದುದು ರೈತನ ಕಂದಾಯದಿಂದ ತುಂಬಿದ ಬೊಕ್ಕಸದಿಂದ.

ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ನಮ್ಮ ಹಿರಿಯರಲ್ಲಿ ಕೆಲವರು ಓದಿದ 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು ನೆಲೆಗೊಂಡದ್ದು ಆ ಕಚೇರಿಯ ಕಟ್ಟಡದಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬಹುದು. ಪುಣೆಯಿಂದ ಮಿರಜ, ಬೆಳಗಾವಿಗಳ ಮೂಲಕ ಲೋಂಡಾದವರೆಗೆ ಸಾಗಿದ ಮೀಟರ್ ಗೇಜ್ ಹಾದಿ ಈ ಕಂಪನಿಯದು. ಅದು ಕೊಲ್ಲಾಪುರವನ್ನು ಪಶ್ಚಿಮಕ್ಕೆ ಬಿಟ್ಟು ಮಿರಜದ ಮೇಲೆ ಹಾದುಹೋಯಿತು. ಮಿರಜದಿಂದ ಕೊಲ್ಲಾಪುರಕ್ಕೆ ರೈಲು ಬೇಕಿದ್ದರೆ ಅದರ ವೆಚ್ಚವನ್ನು ಸಂಸ್ಥಾನವೇ ಭರಿಸಬೇಕಾಯಿತು. 1888ರಲ್ಲಿ ಈ ಕವಲುಮಾರ್ಗಕ್ಕೆ ಅಡಿಗಲ್ಲಿಟ್ಟಾಗ ಶಾಹೂ ಮಹಾರಾಜರಿಗೆ ಇನ್ನೂ 13 ವರ್ಷ. ಆಡಳಿತ ಬ್ರಿಟಿಷರ ಮೇಲ್ವಿಚಾರಣೆಯಲ್ಲಿತ್ತು. 1891ರಲ್ಲಿ 29 ಮೈಲಿಯ ಹಾದಿ ಸಂಚಾರಕ್ಕೆ ತೆರೆಯಿತು. ಅದು ಕೊಲ್ಲಾಪುರ ಸಂಸ್ಥಾನದ ಸ್ವಂತ ಆಸ್ತಿ; ಗಾಡಿ ಓಡಿಸುವ ಹೊಣೆ ಮಾತ್ರ ಕಂಪನಿಯದು.

ಹಾದಿ ಎಲ್ಲಿ ನಿಂತಿತೋ ಅಲ್ಲಿ ಪೇಟೆ ಬೆಳೆಯಿತು. ಅಧಿಕಾರ ವಹಿಸಿಕೊಂಡ ಮರುವರ್ಷ, 1895ರಲ್ಲಿ, ಶಾಹೂ ಮಹಾರಾಜರು ನಿಲ್ದಾಣದ ಸಮೀಪ ಶಾಹೂಪುರಿ ಪೇಟೆಯನ್ನು ಸ್ಥಾಪಿಸಿದರು. ಬೆಲ್ಲದ ವ್ಯಾಪಾರಕ್ಕೆ ಅದು ಹೆಸರಾಯಿತು. ಸಂಸ್ಥಾನದ ಅಧೀನ ಜಹಗೀರಾಗಿದ್ದ ಇಚಲಕರಂಜಿಯಲ್ಲಿ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಕಾಲದಲ್ಲಿ, 1904ರಲ್ಲಿ, ಮೊದಲ ವಿದ್ಯುತ್ ಮಗ್ಗ ಸದ್ದು ಮಾಡಿತು. ಅಲ್ಲಿಂದ ಆ ಊರು ಜವಳಿಯ ದೊಡ್ಡ ಕೇಂದ್ರವಾಯಿತು. ಆದರೆ ನೂಲೂ ಬಟ್ಟೆಯೂ ಹಾತಕಣಂಗಲೆಯ ನಿಲ್ದಾಣದವರೆಗೆ ರಸ್ತೆಯಲ್ಲಿಯೇ ಹೋಗಬೇಕಿತ್ತು. ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜ ರೈಲಿನಿಂದ ಇನ್ನೂ ದೂರದಲ್ಲಿ ಉಳಿಯಿತು. ಒಂದು ಸಂಸ್ಥಾನದ ಬೊಕ್ಕಸಕ್ಕೆ ರಾಜಧಾನಿಯ ಹಾದಿಯೇ ದೊಡ್ಡ ಹೊರೆ. ತಾಲ್ಲೂಕಿನ ಹಾದಿಯ ಮಾತು ಅದರ ನಂತರದ್ದು.

ನಮ್ಮ ಶಾಲೆ ಆರಂಭವಾದ ದಶಕವು ಸಾರಿಗೆಯ ಹಣಕಾಸಿನ ಮಟ್ಟಿಗೆ ದೇಶಕ್ಕೇ ಮುಖ್ಯವಾದುದು. 1924ರಲ್ಲಿ ರೈಲ್ವೆಯ ಆಯವ್ಯಯವನ್ನು ಸಾಮಾನ್ಯ ಆಯವ್ಯಯದಿಂದ ಬೇರ್ಪಡಿಸಲಾಯಿತು. ಆ ಪದ್ಧತಿ 2017ರವರೆಗೆ ನಡೆಯಿತು. 1927ರಲ್ಲಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ರಸ್ತೆ ಸಮಿತಿಯು, ರಸ್ತೆ ಅಭಿವೃದ್ಧಿಯ ಭಾರವನ್ನು ಸ್ಥಳೀಯ ಸಂಸ್ಥೆಗಳು ಮಾತ್ರ ಹೊರಲಾರವೆಂದೂ ಪೆಟ್ರೋಲಿನ ಮೇಲಿನ ತೆರಿಗೆಯಿಂದ ಪ್ರತ್ಯೇಕ ನಿಧಿ ಕೂಡಿಸಬೇಕೆಂದೂ ಸಲಹೆ ನೀಡಿತು. ಅದರಂತೆ 1929ರಲ್ಲಿ ಕೇಂದ್ರ ರಸ್ತೆ ನಿಧಿ ರೂಪುಗೊಂಡಿತು. ರಸ್ತೆಯನ್ನು ಬಳಸುವವನು ರಸ್ತೆಗೆ ಹಣ ಕೊಡಲಿ ಎಂಬ ತತ್ತ್ವ ಹೀಗೆ ನೆಲೆಯೂರಿತು.

1949ರಲ್ಲಿ ಕೊಲ್ಲಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದರ ಚಂದಗಡ ತಾಲ್ಲೂಕು ಕೊಲ್ಲಾಪುರ ಜಿಲ್ಲೆಗೆ ಬಂದಿತು. ಸಂತೆ, ನೆಂಟಸ್ತನ, ಕನ್ನಡದ ಮಾತು ಗಡಿಯ ಎರಡೂ ಕಡೆ ಹಿಂದಿನಂತೆಯೇ ಉಳಿದವು. ಯೋಜನೆಯ ಕಡತಗಳು ಮಾತ್ರ ಎರಡಾದವು. ಒಂದು ಕಾಲದಲ್ಲಿ ಧಾರವಾಡದ ಒಂದೇ ಕಚೇರಿಯಿಂದ ನಡೆದ ರೈಲುಜಾಲದಲ್ಲಿ ಇಂದು ಕೊಲ್ಲಾಪುರವು ಮುಂಬಯಿ ಕೇಂದ್ರವಾದ ಮಧ್ಯ ರೈಲ್ವೆಗೆ ಸೇರಿದೆ. ಬೆಳಗಾವಿಯು 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ಆರಂಭಗೊಂಡ ನೈಋತ್ಯ ರೈಲ್ವೆಯಲ್ಲಿದೆ. ಗಡಹಿಂಗ್ಲಜದಂಥ ಗಡಿಯ ತಾಲ್ಲೂಕು ಎರಡೂ ಕಚೇರಿಗಳ ನಕ್ಷೆಯ ಅಂಚಿನಲ್ಲಿ ನಿಂತಿದೆ.

ಹೊಸ ರೈಲುಮಾರ್ಗಕ್ಕೆ ಒಪ್ಪಿಗೆ ದೊರೆಯಬೇಕಾದರೆ, ಹೂಡಿದ ಹಣಕ್ಕೆ ವರ್ಷಕ್ಕೆ ಶೇಕಡಾ 14ರಷ್ಟು ಪ್ರತಿಫಲ ಬರಬೇಕೆಂಬ ಅಳತೆಗೋಲನ್ನು ದಶಕಗಳ ಕಾಲ ಬಳಸಲಾಯಿತು. ಆಗಲೇ ದಟ್ಟಣೆ ಇರುವ ಕಡೆ ಈ ಲೆಕ್ಕ ಕೂಡುತ್ತದೆ. ರೈಲು ಬಂದ ಮೇಲೆ ದಟ್ಟಣೆ ಹುಟ್ಟುವ ಕಡೆ ಕೂಡುವುದಿಲ್ಲ. 1891ರಲ್ಲಿ ಈ ಅಳತೆಗೋಲನ್ನು ಹಿಡಿದಿದ್ದರೆ ಶಾಹೂಪುರಿ ಹುಟ್ಟುತ್ತಿತ್ತೇ ಎಂದು ನಾವು ಕೇಳಬಹುದು. ಸುರೇಶ್ ಪ್ರಭು ಅವರು ರೈಲ್ವೆ ಸಚಿವರಾಗಿದ್ದಾಗ ಕೊಲ್ಲಾಪುರದಿಂದ ಕೊಂಕಣದ ವೈಭವವಾಡಿಗೆ ನೂರು ಕಿಲೋಮೀಟರಿಗೂ ಮಿಕ್ಕ ಮಾರ್ಗವೂ, ಹಾತಕಣಂಗಲೆಯಿಂದ ಇಚಲಕರಂಜಿಗೆ ಸುಮಾರು 8 ಕಿಲೋಮೀಟರಿನ ಮಾರ್ಗವೂ ರೈಲ್ವೆಯ ಯೋಜನೆಗಳಲ್ಲಿ ಸ್ಥಾನ ಪಡೆದವು. ಇಚಲಕರಂಜಿ 2022ರಲ್ಲಿ ಮಹಾನಗರಪಾಲಿಕೆಯಾಯಿತು. ರೈಲು ಮಾತ್ರ ಇನ್ನೂ ಹಾತಕಣಂಗಲೆಯಲ್ಲಿಯೇ ನಿಲ್ಲುತ್ತದೆ. ಆಯವ್ಯಯದ ಪುಟದಲ್ಲಿ ಹೆಸರು ಬರುವುದಕ್ಕೂ ಹಳಿ ಬೀಳುವುದಕ್ಕೂ ನಡುವಿನ ಅಂತರ ಇದು.

ಬೇರೆ ದಾರಿ ಇರಲಿಲ್ಲವೆಂದಲ್ಲ. ಕೊಂಕಣ ರೈಲ್ವೆಗಾಗಿ 1990ರಲ್ಲಿ ಪ್ರತ್ಯೇಕ ನಿಗಮವನ್ನೇ ಸ್ಥಾಪಿಸಲಾಯಿತು. ಅದರ ಬಂಡವಾಳದಲ್ಲಿ ಶೇಕಡಾ 51 ಕೇಂದ್ರದ್ದು, 22 ಮಹಾರಾಷ್ಟ್ರದ್ದು, 15 ಕರ್ನಾಟಕದ್ದು. ಗೋವಾ ಮತ್ತು ಕೇರಳ ತಲಾ 6 ಹಾಕಿದವು. ಹೆಚ್ಚಿನ ಹಣವನ್ನು ಸಾರ್ವಜನಿಕರಿಗೆ ಬಾಂಡುಗಳನ್ನು ಮಾರಿ ಎತ್ತಲಾಯಿತು. 1998ರ ಜನವರಿಯಲ್ಲಿ ಇಡೀ ಹಾದಿ ತೆರೆಯಿತು. ರಾಜ್ಯಗಳ ಗಡಿಗಳು ಯೋಜನೆಯನ್ನು ಒಡೆಯಲೇಬೇಕೆಂದಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ರಸ್ತೆಯ ಕಥೆ ಬೇರೆ ವೇಗದಲ್ಲಿ ಸಾಗಿತು. ಇಂಧನದ ಮೇಲಿನ ಸೆಸ್ ಮತ್ತು ಸಾಲದ ಬಲದಿಂದ ಸುವರ್ಣ ಚತುಷ್ಪಥ ಯೋಜನೆ 1999ರಲ್ಲಿ ಹೊರಟಿತು. ಪುಣೆ–ಬೆಂಗಳೂರು ಹೆದ್ದಾರಿಯ ಸಾತಾರಾ–ಕಾಗಲ ಭಾಗವನ್ನು ಮಹಾರಾಷ್ಟ್ರ ರಾಜ್ಯ ರಸ್ತೆ ಅಭಿವೃದ್ಧಿ ನಿಗಮ ಕೈಗೊಂಡಿತು. ಇಂದು ಕೊಲ್ಲಾಪುರದಿಂದ ನಿಪ್ಪಾಣಿಗೆ ಹೋಗುವವರು ಪಂಪಿನಲ್ಲಿ ಒಮ್ಮೆ, ಕೋಗನೋಳಿಯ ಟೋಲ್ ನಾಕೆಯಲ್ಲಿ ಇನ್ನೊಮ್ಮೆ ರಸ್ತೆಗೆ ಹಣ ಕೊಡುತ್ತಾರೆ. 2019 ಮತ್ತು 2021ರ ಮಹಾಪೂರಗಳಲ್ಲಿ ಪಂಚಗಂಗೆಯ ನೀರು ಶಿರೋಳಿಯ ಬಳಿ ಇದೇ ಹೆದ್ದಾರಿಯ ಮೇಲೆ ಹರಿದು ದಿನಗಟ್ಟಲೆ ಸಂಚಾರ ನಿಂತಿತು. ನದಿಯ ಲೆಕ್ಕವನ್ನು ಕೈಬಿಟ್ಟ ಯೋಜನೆಯ ಬೆಲೆಯನ್ನು ಯಾವ ನಾಕೆಯೂ ವಸೂಲು ಮಾಡಿಕೊಡಲಾರದು.

ಕೊಲ್ಲಾಪುರ ನಗರದ ಒಳರಸ್ತೆಗಳ ಪ್ರಕರಣ ಇನ್ನೂ ಬೋಧಪ್ರದ. ಸುಮಾರು 50 ಕಿಲೋಮೀಟರ್ ರಸ್ತೆಯನ್ನು ಖಾಸಗಿ ಗುತ್ತಿಗೆದಾರರು ಕಟ್ಟಿ, ಟೋಲಿನ ಮೂಲಕ ಹಣ ಮರಳಿ ಪಡೆಯುವ ಒಪ್ಪಂದವಾಗಿತ್ತು. ತಮ್ಮ ಊರಿಗೆ ತಾವೇ ಪ್ರವೇಶಿಸಲು ಸುಂಕವೇಕೆ ಎಂದು ಜನ ಬೀದಿಗಿಳಿದರು. ಎನ್. ಡಿ. ಪಾಟೀಲ್, ಗೋವಿಂದ ಪಾನಸರೆ ಅವರಂಥ ಹಿರಿಯರು ಆ ಹೋರಾಟದ ಮುಂಚೂಣಿಯಲ್ಲಿದ್ದರು. 2015–16ರ ಹೊತ್ತಿಗೆ ಸರ್ಕಾರ ಟೋಲನ್ನು ರದ್ದುಪಡಿಸಿತು. ಗುತ್ತಿಗೆದಾರರಿಗೆ ಸಲ್ಲಬೇಕಾದ ಪರಿಹಾರದ ಹೊರೆ ಸಾರ್ವಜನಿಕ ಬೊಕ್ಕಸದ ಮೇಲೆ ಬಿದ್ದಿತು. ಜನರ ಗೆಲುವು ನಿಜ. ಆದರೆ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಅದೇ ಪ್ರಶ್ನೆಗಳು ಎದ್ದಿದ್ದರೆ ಆ ಹಣವೂ ಉಳಿಯುತ್ತಿತ್ತು.

ಈಗ ನಮ್ಮ ಜಿಲ್ಲೆಯ ಮುಂದಿರುವುದು ನಾಗಪುರ–ಗೋವಾ ಶಕ್ತಿಪೀಠ ಮಹಾಮಾರ್ಗ. 802 ಕಿಲೋಮೀಟರ್ ಉದ್ದ, ಸುಮಾರು 86,300 ಕೋಟಿ ರೂಪಾಯಿಯ ಅಂದಾಜು. ನೀರಾವರಿ ಜಮೀನು ಕಳೆದುಕೊಳ್ಳುವ ಭಯದಿಂದಲೂ, ಎತ್ತರದ ರಸ್ತೆಯ ಏರಿ ಮಹಾಪೂರವನ್ನು ಇನ್ನಷ್ಟು ಹೆಚ್ಚಿಸೀತೆಂಬ ಆತಂಕದಿಂದಲೂ ಕೊಲ್ಲಾಪುರದ ರೈತರು ವಿರೋಧಿಸಿದರು. 2024ರ ವಿಧಾನಸಭಾ ಚುನಾವಣೆಗೆ ಮುನ್ನ ಈ ಜಿಲ್ಲೆಯ ಭೂಸ್ವಾಧೀನದ ಅಧಿಸೂಚನೆಯನ್ನು ಹಿಂಪಡೆಯಲಾಯಿತು. 2025ರ ಜೂನ್‌ನಲ್ಲಿ ಸಚಿವ ಸಂಪುಟವು ಯೋಜನೆಯ ಭೂಸ್ವಾಧೀನಾದಿ ವೆಚ್ಚಕ್ಕೆ 20,787 ಕೋಟಿ ರೂಪಾಯಿಗೆ ಒಪ್ಪಿಗೆ ನೀಡಿತು, ಪ್ರತಿಭಟನೆಯೂ ಮುಂದುವರಿಯಿತು. ಮಾರ್ಗ ಬೇಕೆನ್ನುವವರೂ ಬೇಡವೆನ್ನುವವರೂ ನಮ್ಮ ಪಾಲಕರಲ್ಲಿಯೇ ಇರಬಹುದು. ಅದರ ತೀರ್ಪು ಈ ಲೇಖನದ ಕೆಲಸವಲ್ಲ.

ಚರಿತ್ರೆ ಒಂದು ಮಾತನ್ನಂತೂ ಸ್ಪಷ್ಟವಾಗಿ ಹೇಳುತ್ತದೆ. ಬರಗಾಲದ ಭಯ, ಸಂಸ್ಥಾನದ ಬೊಕ್ಕಸ, ಪೆಟ್ರೋಲಿನ ತೆರಿಗೆ, ಗುತ್ತಿಗೆದಾರನ ಟೋಲು: ಹಣದ ಮೂಲ ಬದಲಾದಂತೆಲ್ಲ ಹಾದಿಯ ದಿಕ್ಕೂ ಬದಲಾಗಿದೆ. ಬದಲಾಗದೆ ಉಳಿದದ್ದು, ನೆಲ ಕೊಡುವವನ ಮಾತನ್ನು ಕೊನೆಗೆ ಕೇಳುವ ರೂಢಿ. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯಲ್ಲಿ ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಜಮೀನಿನ ಹಕ್ಕುದಾರರು ಆಕ್ಷೇಪಣೆ ಸಲ್ಲಿಸಬೇಕು. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ, ಆಂಬೋಲಿಗಳ ಮೂಲಕ ಬಾಂದಾಕ್ಕೆ ಹೋಗುವ ನಮ್ಮ ರಸ್ತೆಯೂ ಈಗ ರಾಷ್ಟ್ರೀಯ ಹೆದ್ದಾರಿಯೇ. ಕನ್ನಡ ಅಕ್ಷರ ಮಾತ್ರ ಬಲ್ಲ ಹಿರಿಯರಿಗೆ ಮರಾಠಿ ಅಥವಾ ಇಂಗ್ಲಿಷಿನ ಆ ಕಾಗದವನ್ನು ಓದಿ, ಗಟ್ ನಂಬರು ತಾಳೆ ನೋಡಿ, ಉತ್ತರ ಬರೆದುಕೊಡಲು 21 ದಿನಗಳು ಬಹಳ ಕಡಿಮೆ.

ಆ ಕೆಲಸಕ್ಕೆ ಬೇಕಾದವರನ್ನು ಈ ಶಾಲೆ ನೂರು ವರ್ಷಗಳಿಂದ ತಯಾರು ಮಾಡುತ್ತ ಬಂದಿದೆ. ಇಲ್ಲಿ ಕನ್ನಡದಲ್ಲಿ ಅಕ್ಷರ ಕಲಿತು ಮುಂದೆ ಮರಾಠಿ, ಇಂಗ್ಲಿಷುಗಳನ್ನು ರೂಢಿಸಿಕೊಂಡ ಹಳೆಯ ವಿದ್ಯಾರ್ಥಿಗಳು ಇಂದು ಕಚೇರಿ, ನ್ಯಾಯಾಲಯ, ಕಾರ್ಖಾನೆಗಳಲ್ಲಿದ್ದಾರೆ. ಮುಂದಿನ ಅಧಿಸೂಚನೆ ತಾಲ್ಲೂಕು ಕಚೇರಿಯ ಫಲಕದ ಮೇಲೆ ಬಿದ್ದ ದಿನವೇ ಅವರಲ್ಲಿ ಯಾರಾದರೊಬ್ಬರು ಅದನ್ನು ಊರಿನ ಕಟ್ಟೆಯ ಮೇಲೆ ಕನ್ನಡದಲ್ಲಿ ಓದಿ ಹೇಳಲಿ ಎಂದು ನಾವು ಬಯಸುತ್ತೇವೆ.