ಗುಮಾಸ್ತರ ಸೋಪಾನ: ಮೈಸೂರಿನಿಂದ ಕರ್ನಾಟಕದವರೆಗೆ ನೇಮಕ, ವೇತನ, ಮುಂಬಡ್ತಿ

ಜಮೀನಿನ ಖಾತೆ ಬದಲಾವಣೆಗೋ, ವಿಧವಾ ವೇತನಕ್ಕೋ, ಮಗನ ಜಾತಿ ಪ್ರಮಾಣಪತ್ರಕ್ಕೋ ತಾಲ್ಲೂಕು ಕಚೇರಿಗೆ ಬಂದು ನಿಂತ ಪ್ರಜೆಗೆ, ಅವನ ಅರ್ಜಿಗೆ ಕಡತ ತೆರೆದು, ಟಿಪ್ಪಣಿ ಬರೆದು, ಮೇಲಕ್ಕೆ ಸಲ್ಲಿಸುವ ವಿಷಯ ನಿರ್ವಾಹಕನೇ ಸರ್ಕಾರದ ಪ್ರತ್ಯಕ್ಷ ಸ್ವರೂಪ. ಇಂತಹವನನ್ನು ಯಾವ ವಿಧಾನದಿಂದ ಆರಿಸಬೇಕು, ಅವನಿಗೆ ಎಷ್ಟು ಕೊಡಬೇಕು, ಅವನನ್ನು ಎಲ್ಲಿಯವರೆಗೆ ಏರಗೊಡಬೇಕು ಎಂಬ ಮೂರು ಪ್ರಶ್ನೆಗಳಿಗೆ ನಮ್ಮ ನಾಡು ಒಂದೂವರೆ ಶತಮಾನದಿಂದ ಉತ್ತರವನ್ನು ಅರಸುತ್ತ ಬಂದಿದೆ. ಮೊದಲೆರಡಕ್ಕೆ ತಕ್ಕಮಟ್ಟಿನ ಸಮಾಧಾನ ದೊರೆತಿದೆ. ಮೂರನೆಯದು ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ ಎಂಬುದೇ ಈ ಲೇಖಕನ ಅಭಿಪ್ರಾಯ.

ಹತ್ತೊಂಬತ್ತನೆಯ ಶತಮಾನದ ಕಚೇರಿಗಳಲ್ಲಿ ಸೋಪಾನವು ಕಿರಿದಾಗಿದ್ದರೂ ಬಹಳ ಎತ್ತರದವರೆಗೆ ಹೋಗುತ್ತಿತ್ತು. 1881ರಲ್ಲಿ ಮೈಸೂರು ರಾಜ್ಯವು ಒಡೆಯರ ವಂಶಕ್ಕೆ ಹಿಂತಿರುಗಿದಾಗ ದಿವಾನರಾದ ರಂಗಾಚಾರ್ಲು ಅವರು ಮದರಾಸು ಪ್ರಾಂತದ ಕಲೆಕ್ಟರ ಕಚೇರಿಯಲ್ಲಿ ಗುಮಾಸ್ತರಾಗಿ ವೃತ್ತಿಯನ್ನು ಆರಂಭಿಸಿದವರು. ಅವರ ಉತ್ತರಾಧಿಕಾರಿಗಳಾದ ಶೇಷಾದ್ರಿ ಅಯ್ಯರ್ ಅವರು ಮೈಸೂರು ಸೇವೆಯನ್ನು ಪ್ರವೇಶಿಸಿದ್ದು 1868ರಲ್ಲಿ, ಅಷ್ಟಗ್ರಾಮ ವಿಭಾಗದ ನ್ಯಾಯಾಂಗ ಶಿರಸ್ತೇದಾರರಾಗಿ. ಆದರೆ ಆ ಸೋಪಾನದ ಬುಡಕ್ಕೆ ಬರುವ ಭಾಗ್ಯ ಎಲ್ಲರಿಗೂ ಇರಲಿಲ್ಲ. ಓದುಬರಹದ ಪರಂಪರೆಯುಳ್ಳ ಕೆಲವೇ ಮನೆತನಗಳಿಂದ, ಬಹುಮಟ್ಟಿಗೆ ಒಂದೇ ಸಮುದಾಯದಿಂದ, ಬಂಧುಗಳ ಶಿಫಾರಸಿನ ಮೇಲೆ ಗುಮಾಸ್ತರು ಬರುತ್ತಿದ್ದರು. 1891ರಲ್ಲಿ ಮೈಸೂರು ಸಿವಿಲ್ ಸರ್ವಿಸಿನ ಸ್ಪರ್ಧಾ ಪರೀಕ್ಷೆ ಆರಂಭವಾಯಿತಾದರೂ, ಅದು ಅಧಿಕಾರಿವರ್ಗದ ದ್ವಾರವನ್ನು ತೆರೆಯಿತೇ ಹೊರತು ಗುಮಾಸ್ತರ ಕೋಣೆಯಲ್ಲಿ ವಿಶೇಷ ಪರಿವರ್ತನೆಯನ್ನು ತರಲಿಲ್ಲ.

ಆ ಪರಿವರ್ತನೆಗೆ ನಾಂದಿಯಾದುದು ಸರ್ಕಾರಿ ಸೇವೆಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೇಳಿದ ಪ್ರಜಾಮಿತ್ರ ಮಂಡಳಿಯ ಮನವಿ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ದಕ್ಷತೆ ಕುಂದೀತೆಂದು ಶಂಕಿಸಿದ ದಿವಾನ್ ವಿಶ್ವೇಶ್ವರಯ್ಯನವರು ಸಮುದಾಯವಾರು ಮೀಸಲಿನ ನೀತಿಯನ್ನು ಒಪ್ಪಲಾರದೆ ಅಧಿಕಾರದಿಂದ ದೂರ ಸರಿದರು. ಏಳು ವರ್ಷಗಳನ್ನು ಮೀರದ ಅವಧಿಯಲ್ಲಿ ಮೇಲಿನ ಹುದ್ದೆಗಳ ಅರ್ಧಕ್ಕೆ ಕಡಮೆಯಿಲ್ಲದಷ್ಟೂ ಕೆಳಗಿನ ಹುದ್ದೆಗಳ ಮೂರರಲ್ಲೆರಡು ಭಾಗಕ್ಕೆ ಕಡಮೆಯಿಲ್ಲದಷ್ಟೂ ಬ್ರಾಹ್ಮಣೇತರ ಸಮುದಾಯಗಳಿಗೆ ಸಲ್ಲತಕ್ಕದ್ದೆಂದು ಸಮಿತಿಯು 1919ರಲ್ಲಿ ಶಿಫಾರಸು ಮಾಡಿತು. ಕೆಳಗಿನ ಹುದ್ದೆಗಳಿಗೆ ಹೆಚ್ಚಿನ ಪಾಲನ್ನು ನಿಗದಿಪಡಿಸಿದುದರಲ್ಲಿ ಸಮಿತಿಯ ವಿವೇಕ ವ್ಯಕ್ತವಾಗುತ್ತದೆ: ಹಳ್ಳಿಯ ರೈತನ ಮಗನೊಬ್ಬನು ಅಮಲ್ದಾರರ ಕಚೇರಿಯಲ್ಲಿ ಲೇಖನಿ ಹಿಡಿದು ಕುಳಿತಾಗ ಆ ಹಳ್ಳಿಗೆ ದೊರೆಯುವ ಧೈರ್ಯವು ಸಾಮಾನ್ಯವಾದುದಲ್ಲ. ನೇಮಕದಲ್ಲಿ ವೈಯಕ್ತಿಕ ಶಿಫಾರಸುಗಳಿಗೆ ಸಂಪೂರ್ಣವಾಗಿ ತೆರೆಬೀಳಲು ಮತ್ತಷ್ಟು ಕಾಲ ಹಿಡಿಯಿತು. ಲೋಕಸೇವಾ ಆಯೋಗವು ಅಸ್ತಿತ್ವಕ್ಕೆ ಬಂದದ್ದು 1951ರಲ್ಲಿ.

1956ರ ರಾಜ್ಯ ಪುನರ್ವಿಂಗಡಣೆಯು ನಾಡವರಿಗೆ ಹಬ್ಬವಾದರೆ, ಕಚೇರಿಗಳಿಗೆ ದೀರ್ಘಕಾಲದ ಗಣಿತವಾಯಿತು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಹಳೆಯ ಮೈಸೂರು ಎಂಬ ಐದು ಆಡಳಿತಗಳ ಗುಮಾಸ್ತರು, ಐದು ಬಗೆಯ ವೇತನ ಶ್ರೇಣಿಗಳನ್ನೂ ಐದು ಬಗೆಯ ಬಡ್ತಿಯ ನಿಯಮಗಳನ್ನೂ ಹೊತ್ತು ಒಂದೇ ಸೂರಿನಡಿಗೆ ಬಂದರು. ಧಾರವಾಡದ ಗುಮಾಸ್ತನ ಯಾವ ದರ್ಜೆಯು ಮಂಗಳೂರಿನವನ ಯಾವ ದರ್ಜೆಗೆ ಸಮಾನ, ಕಲಬುರಗಿಯವನ ಸೇವಾವಧಿಯನ್ನು ಯಾವ ದಿನದಿಂದ ಎಣಿಸಬೇಕು ಎಂಬುದನ್ನು ನಿರ್ಣಯಿಸದೆ ಯಾರಿಗೂ ಬಡ್ತಿ ಕೊಡುವಂತಿರಲಿಲ್ಲ. ಪುನರ್ವಿಂಗಡಣಾ ಅಧಿನಿಯಮದ 115ನೆಯ ಪ್ರಕರಣವು, ಕೇಂದ್ರದ ಪೂರ್ವಾನುಮತಿಯಿಲ್ಲದೆ ಇವರ ಸೇವಾ ಷರತ್ತುಗಳನ್ನು ಅವರಿಗೆ ಪ್ರತಿಕೂಲವಾಗಿ ಬದಲಿಸಕೂಡದೆಂದು ವಿಧಿಸಿತ್ತು. ದಕ್ಷಿಣ ಕನ್ನಡದ ಮೇಲ್ದರ್ಜೆ ಗುಮಾಸ್ತರೊಬ್ಬರು, ಮದರಾಸಿನ ನಿಯಮದಂತೆ ತಮಗೆ ಪ್ರಾಪ್ತವಾಗಿದ್ದ ಬಡ್ತಿಯ ಅವಕಾಶವು ಮೈಸೂರಿನ ಹೊಸ ನಿಯಮದಿಂದ ಕುಗ್ಗಿತೆಂದು ಇದೇ ಪ್ರಕರಣವನ್ನು ಹಿಡಿದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. ಕೇಂದ್ರವು 1957ರಲ್ಲಿ ಕಳುಹಿದ ಜ್ಞಾಪನವೇ ಇಂತಹ ಬದಲಾವಣೆಗೆ ಪೂರ್ವಾನುಮತಿಯೆಂದು ನ್ಯಾಯಾಲಯವು ಭಾವಿಸಿದುದರಿಂದ ಅವರ ವಾದ ನಿಲ್ಲಲಿಲ್ಲ. ಸಂಬಳವನ್ನು ಕಾಪಾಡಿದ ಕಾನೂನು ಬಡ್ತಿಯ ನಿರೀಕ್ಷೆಯನ್ನು ಕಾಪಾಡಲಿಲ್ಲ.

ಮುಂದಿನ ದಶಕದಲ್ಲಿ ಹಳ್ಳಿಯ ಲೆಕ್ಕವೂ ವಂಶದ ಕೈಯಿಂದ ಸರ್ಕಾರದ ಕೈಗೆ ಬಂದಿತು. ತಂದೆಯಿಂದ ಮಗನಿಗೆ ಇಳಿಯುತ್ತಿದ್ದ, ಇನಾಮು ಮತ್ತು ಪೋಟಗಿಗಳಿಂದ ನಡೆಯುತ್ತಿದ್ದ ಶಾನುಭೋಗಿಕೆಯನ್ನು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮವು ಕೊನೆಗಾಣಿಸಿತು. 1963ರ ಫೆಬ್ರವರಿಯಲ್ಲಿ ಅದು ಜಾರಿಗೆ ಬಂದ ಮೇಲೆ ಸಂಬಳದ ಗ್ರಾಮಲೆಕ್ಕಿಗನು ಆ ಸ್ಥಾನದಲ್ಲಿ ಕುಳಿತನು. ಬಹುಕಾಲ ಪದವಿಪೂರ್ವ ಪರೀಕ್ಷೆಯ ಅಂಕಗಳನ್ನೇ ನೋಡಿ ಆರಿಸುತ್ತಿದ್ದ ಈ ಹುದ್ದೆಗೆ 2024ರಲ್ಲಿ, ಗ್ರಾಮ ಆಡಳಿತ ಅಧಿಕಾರಿಯೆಂಬ ನೂತನ ನಾಮದಿಂದ, ಕಡ್ಡಾಯ ಕನ್ನಡದ ಪತ್ರಿಕೆಯೊಡನೆ ಸ್ಪರ್ಧಾ ಪರೀಕ್ಷೆ ನಡೆಯಿತು.

ನೇಮಕದ ಚರಿತ್ರೆಯಲ್ಲಿ ನೋವಿನ ಅಧ್ಯಾಯವೆಂದರೆ ದಿನಗೂಲಿಯವರದು. ಆಯೋಗದ ಆಯ್ಕೆ ನಿಧಾನವಾದಾಗ, ಇಲಾಖೆಗಳು ಓದುಬರಹ ಬಲ್ಲ ತರುಣರನ್ನು ದಿನದ ಕೂಲಿಗೆ ಕರೆದು ಕಾಯಂ ಗುಮಾಸ್ತರ ಕೆಲಸವನ್ನೇ ಮಾಡಿಸಿದುವು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಸಾಕ್ಷರ ದಿನಗೂಲಿ ನೌಕರರ ಸಂಘವು ತಂದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ಇವರ ಪಕ್ಷಕ್ಕೆ ಕರುಣೆ ತೋರಿತು. ಆದರೆ 2006ರ ಏಪ್ರಿಲ್ 10ರಂದು ಉಮಾದೇವಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು, ಕ್ರಮಬದ್ಧ ಸ್ಪರ್ಧೆಯಿಲ್ಲದೆ ಹಿಂಬಾಗಿಲಿನಿಂದ ಬಂದವರನ್ನು ಕಾಯಂ ಮಾಡುವುದು ಸಮಾನಾವಕಾಶಕ್ಕೆ ವಿರುದ್ಧವೆಂದು ಸಾರಿ, ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರಿಗೆ ಮಾತ್ರ ಒಂದು ಬಾರಿಯ ವಿನಾಯಿತಿಯನ್ನು ಉಳಿಸಿತು. ತತ್ತ್ವದ ದೃಷ್ಟಿಯಿಂದ ಆ ತೀರ್ಪು ನಿರ್ದುಷ್ಟವಾದುದು. ಹಾಗಿದ್ದರೂ ಹಿಂಬಾಗಿಲನ್ನು ತೆರೆದಿಟ್ಟವರು ಇಲಾಖೆಯವರು, ದಂಡ ತೆತ್ತವರು ಒಳಗೆ ಬಂದವರು ಎಂಬ ವ್ಯಥೆ ಉಳಿಯುತ್ತದೆ. 2012ರ ಕ್ಷೇಮಾಭಿವೃದ್ಧಿ ಅಧಿನಿಯಮದಿಂದ ರಾಜ್ಯವು ಅಂತಹವರಿಗೆ ಸ್ವಲ್ಪಮಟ್ಟಿನ ಭದ್ರತೆಯನ್ನು ಕಲ್ಪಿಸಿತು.

ವೇತನದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಟುಕೋಲ್ ಆಯೋಗ, ನಾರಾಯಣ ಪೈ ಆಯೋಗಗಳಿಂದ ಮೊದಲ್ಗೊಂಡು ನಡೆದು ಬಂದ ಪರಿಷ್ಕರಣೆಗಳಲ್ಲಿ ತೀರ ಇತ್ತೀಚಿನದಾದ ಏಳನೆಯ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದು, ಕನಿಷ್ಠ ಮೂಲವೇತನವು 17,000 ರೂಪಾಯಿಯಿಂದ 27,000ಕ್ಕೂ, ದ್ವಿತೀಯ ದರ್ಜೆ ಸಹಾಯಕರ ಆರಂಭದ ವೇತನವು 21,400ರಿಂದ 34,100ಕ್ಕೂ ಏರಿತು. ತಿಂಗಳ ಕೊನೆಯ ವಾರದಲ್ಲಿ ಕೈಸಾಲಕ್ಕೆ ಅಲೆಯುತ್ತಿದ್ದ ಹಿಂದಿನ ಗುಮಾಸ್ತನ ದೈನ್ಯವು ಬಹುಮಟ್ಟಿಗೆ ಅಳಿದಿರುವುದು ಸಂತೋಷದ ಸಂಗತಿ. ಆದರೆ 2006ರ ಏಪ್ರಿಲ್‌ನಿಂದೀಚೆಗೆ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿಯು ತಪ್ಪಿ, ಅಕ್ಕಪಕ್ಕದ ಮೇಜುಗಳಲ್ಲಿ ಒಂದೇ ಕೆಲಸ ಮಾಡುವವರ ವೃದ್ಧಾಪ್ಯಗಳು ಬೇರೆಬೇರೆಯಾದುವು.

ಮುಂಬಡ್ತಿಯ ವಿಷಯಕ್ಕೆ ಬಂದರೆ ಕೊಂಚ ನಿಲ್ಲಬೇಕಾಗುತ್ತದೆ. ಲೆಕ್ಕಪತ್ರದ ಪರೀಕ್ಷೆ, ಸಾಮಾನ್ಯ ಕಾನೂನಿನ ಪರೀಕ್ಷೆ ಮೊದಲಾದ ಇಲಾಖಾ ಪರೀಕ್ಷೆಗಳನ್ನು ಪಾಸು ಮಾಡಿದ ದ್ವಿತೀಯ ದರ್ಜೆ ಸಹಾಯಕನು, ಜ್ಯೇಷ್ಠತಾ ಪಟ್ಟಿಯಲ್ಲಿ ತನ್ನ ಹೆಸರು ಎಲ್ಲಿದೆಯೆಂದು ನೋಡುತ್ತಾನೆ. ಜನ್ಮದಿನಾಂಕ, ಸೇವೆಗೆ ಸೇರಿದ ದಿನಾಂಕ, ನೇಮಕದ ವರ್ಗ, ಪರೀಕ್ಷೆ ಉತ್ತೀರ್ಣನಾದ ವರ್ಷ ಎಂದು ಗೆರೆ ಎಳೆದ ಆ ಅಂಕಣಗಳಲ್ಲಿ ಅವನ ಆಯುಷ್ಯವೇ ಅಡಗಿದೆ. ಕರಡು ಪಟ್ಟಿ ಬರುತ್ತದೆ, ಆಕ್ಷೇಪಣೆಗಳು ಸಲ್ಲುತ್ತವೆ, ಅಂತಿಮ ಪಟ್ಟಿ ಮುಂದೆ ಹೋಗುತ್ತದೆ. ಪರಿಶಿಷ್ಟರಿಗೆ ಬಡ್ತಿಯಲ್ಲಿ ಮೀಸಲಾತಿಯನ್ನು ಕಲ್ಪಿಸಿದ 1978ರ ಆದೇಶವು ನ್ಯಾಯವಾದುದೇ. ಅದರ ಫಲವಾಗಿ ದೊರೆತ ಜ್ಯೇಷ್ಠತೆಯ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದಲ್ಲಿ ಪವಿತ್ರ ಎಂಬುವರ ಪ್ರಕರಣವಾಗಿ 2017ರಲ್ಲಿ ಒಂದು ಬಗೆಯಾಗಿಯೂ, ಹೊಸ ಅಧಿನಿಯಮ ಬಂದ ಮೇಲೆ 2019ರಲ್ಲಿ ಇನ್ನೊಂದು ಬಗೆಯಾಗಿಯೂ ತೀರ್ಮಾನವಾದಾಗ, ಇಲಾಖೆಗಳು ಪಟ್ಟಿಗಳನ್ನು ತಿರುಗಿ ತಿರುಗಿ ಬರೆಯಬೇಕಾಯಿತು.

ಮೇಲೆ ಸ್ಥಾನವಿಲ್ಲದೆ ನಿಂತವರ ಸಮಾಧಾನಕ್ಕಾಗಿ ಸರ್ಕಾರವು 1983ರಲ್ಲಿ ಹತ್ತು ವರ್ಷಗಳ ಕಾಲಮಿತಿ ವೇತನ ಬಡ್ತಿಯನ್ನೂ, 1991ರಲ್ಲಿ ಹದಿನೈದು ವರ್ಷಗಳ ಸ್ವಯಂಚಾಲಿತ ವಿಶೇಷ ಬಡ್ತಿಯನ್ನೂ ತಂದಿತು. ಇವುಗಳಿಂದ ಸಂಸಾರಕ್ಕೆ ಆದ ಉಪಕಾರ ದೊಡ್ಡದು. ಆದರೆ ಹಣವು ಹೆಚ್ಚಿದರೂ ಹೊಣೆಯು ಹೆಚ್ಚುವುದಿಲ್ಲ. ಇಪ್ಪತ್ತು ವರ್ಷ ಟಿಪ್ಪಣಿ ಬರೆದು ನಿಯಮವನ್ನೂ ಜನರನ್ನೂ ಅರಿತವನ ಅನುಭವವು ಅದೇ ಮೇಜಿನಲ್ಲಿಯೇ ನಿಲ್ಲುತ್ತದೆ. ತಮಗಿಂತ ಕಿರಿಯರಾದವರಿಗೆ ಉನ್ನತ ಸ್ಥಾನ ದೊರೆತಾಗ ಮಾಸ್ತಿಯವರಂತಹ ಹಿರಿಯ ಅಧಿಕಾರಿಗಳು 1943ರಲ್ಲಿ ರಾಜೀನಾಮೆಯನ್ನೇ ಕೊಟ್ಟು ಹೊರನಡೆದರು. ಗುಮಾಸ್ತನಿಗೆ ಅಷ್ಟು ಸ್ವಾತಂತ್ರ್ಯವಿಲ್ಲ. ಪ್ರತಿವರ್ಷವೂ ನಿಗದಿಯಾದ ದಿನದಂದು ಜ್ಯೇಷ್ಠತಾ ಪಟ್ಟಿಯನ್ನು ಪ್ರಕಟಿಸುವುದು, ತೆರವಾಗಲಿರುವ ಹುದ್ದೆಗಳಿಗೆ ಬಡ್ತಿ ಸಮಿತಿಯು ಮುಂಚಿತವಾಗಿಯೇ ಸೇರುವುದು, ಪ್ರಥಮ ದರ್ಜೆಯಿಂದ ಮೇಲಿನ ಅಧಿಕಾರಿ ಹುದ್ದೆಗಳಲ್ಲಿ ಒಳಗಿನವರಿಗೆ ಮೀಸಲಾದ ಪಾಲನ್ನು ತುಂಬದೆ ಬಿಡದಿರುವುದು, ಇಷ್ಟನ್ನಾದರೂ ಸರ್ಕಾರವು ಮುಂದಿನ ವೇತನ ಆಯೋಗಕ್ಕೆ ಕಾಯದೆ ಈಗಲೇ ಕೈಗೊಳ್ಳಬಹುದು.